ಗಂಜಿ ಬಿಡದ ಹೊಸ ಅರಿವೆ

ನಾನು ಮದುವೆಯಾಗಿ ಬಂದ ಹೊಸತರಲ್ಲಿ ನಮ್ಮತ್ತೆ ಓಣಿಯ ಹೆಂಗಸರಿಗೆ ನನ್ನ ನೌಕರಿಯನ್ನು ಹೀಗೆ ಪರಿಚಯಿಸುತ್ತಿದ್ದರು: "ನಮ್ಮ ಸೊಸಿ ಜಮಖಂಡಿ ದವಾಖಾನ್ಯಾಗ ಭಾಂಡೆ ತಿಕ್ಕತಾಳ. ಆದ್ರ ಬಿಳಿ ಕೋಟು ಹಾಕ್ಕೊಂಡು ತಿಕ್ಕತಾಳ!"

ಮೊದಮೊದಲು ನನಗೆ ಮೈಯೆಲ್ಲ ಉರಿಯುತ್ತಿತ್ತು. ಮೂವತ್ತೆಂಟು ವರ್ಷ ಅದೇ ಕೆಲಸ ಮಾಡಿ ನಿವೃತ್ತಳಾಗಿ ಮನೆಯಲ್ಲಿ ಕುಳಿತ ಮೇಲೆ ಲೆಕ್ಕ ಹಾಕಿದರೆ, ಅತ್ತೆ ಹೇಳಿದ್ದು ಮುಕ್ಕಾಲು ಪಾಲು ಖರೆಯೇ. ಶಸ್ತ್ರಚಿಕಿತ್ಸೆಗೆ ಬಳಸಿದ ಕತ್ತರಿ, ಚಾಕು, ಇಕ್ಕಳಗಳನ್ನು ತಿಕ್ಕಿ ತೊಳೆದು, ಒರೆಸಿ, ಅರಿವೆಯಲ್ಲಿ ಸುತ್ತಿ, ಹಬೆಯ ಯಂತ್ರದಲ್ಲಿಟ್ಟು, ಒಂದು ಜಂತೂ ಉಳಿಯದಂತೆ ಮಾಡಿ ಮುಂದಿನ ರೋಗಿಗೆ ಕಳಿಸುವುದು ನನ್ನ ಕೆಲಸವಾಗಿತ್ತು. ಭಾಂಡೆ ತಿಕ್ಕುವುದಲ್ಲದೆ ಮತ್ತೇನು? ಉಳಿದ ಕಾಲು ಪಾಲು ಏನೆಂದು ಹೇಳಲಿಕ್ಕೇ ಇದನ್ನು ಬರೆಯಲು ಕುಳಿತಿದ್ದೇನೆ. ಹೋದ ತಿಂಗಳು ನಮ್ಮ ಬನಹಟ್ಟಿಯ ಓಣಿಯ ಹುಡುಗಿಯೊಬ್ಬಳು ತರಬೇತಿ ಮುಗಿಸಿ ಇದೇ ಕೆಲಸಕ್ಕೆ ಸೇರುವವಳಿದ್ದಳು. "ದೊಡ್ಡವ್ವಾ, ಈಗ ಎಲ್ಲಾ ಮಷೀನ ಮಾಡತೈತಂತ. ಗುಂಡಿ ಒತ್ತಿದ್ರ ಆತಂತ ಹೌದಲ್ರಿ?" ಎಂದು ಕೇಳಿದಳು. ಆತು ಅಂದರೆ ಆತು, ಇಲ್ಲ ಅಂದರೆ ಇಲ್ಲ. ಅದರ ನಡುವಿನ ಮಾತು ಬಾಯಲ್ಲಿ ಹೇಳಿದರೆ ಮುಗಿಯುವಂಥದ್ದಲ್ಲ.

ಆಸ್ಪತ್ರೆಯ ಹೆಸರನ್ನು ಬರೆಯುವುದಿಲ್ಲ. ಅದೊಂದು ಖಾಸಗಿ ಆಸ್ಪತ್ರೆ, ದೊಡ್ಡದೂ ಅಲ್ಲ, ತೀರ ಸಣ್ಣದೂ ಅಲ್ಲ. ಅದರ ಒಳ್ಳೆಯ ಹೆಸರಿಗೆ ನಾನೊಬ್ಬಳೇ ಕಾರಣಳಲ್ಲ. ಕೆಟ್ಟ ಹೆಸರಿಗೆ ನಾನೊಬ್ಬಳೇ ಕಾರಣಳಾಗುವುದು ಮಾತ್ರ ಒಂದು ಗುರುವಾರ ಕೂದಲೆಳೆಯಲ್ಲಿ ತಪ್ಪಿತು. ಆ ಗುರುವಾರಕ್ಕೆ ಬರುತ್ತೇನೆ. ಅದಕ್ಕೂ ಮೊದಲು ಸುಮತಿಬಾಯಿಯವರ ಬಗ್ಗೆ ಹೇಳದಿದ್ದರೆ ಅವರು ಕೋಲು ಹಿಡಿದು ಮನೆಗೇ ಬಂದಾರು.

ಸುಮತಿಬಾಯಿ ನಮ್ಮ ಹಿರಿಯ ಸಿಸ್ಟರ್. ಜಮಖಂಡಿಯ ಹಳೆಯ ಪುರೋಹಿತರ ಮನೆಯವರು, ಮನೆಯಲ್ಲಿ ಮರಾಠಿ, ಆಸ್ಪತ್ರೆಯಲ್ಲಿ ಕನ್ನಡ, ಸಿಟ್ಟು ಬಂದಾಗ ಎರಡೂ. ನಾನು ಸೇರಿದ ದಿನವೇ ನನ್ನೆದುರು ಎರಡು ಕತ್ತರಿ ಇಟ್ಟರು. ಒಂದು ಫಳಫಳ ಹೊಳೆಯುತ್ತಿತ್ತು, ಇನ್ನೊಂದು ಮಂಕಾಗಿತ್ತು.

"ಯಾವದು ಸ್ವಚ್ಛ ಅದ, ಹೇಳು."

ನಾನು ಹೊಳೆಯುವುದನ್ನು ತೋರಿಸಿದೆ.

"ಅದನ್ನ ಈಗಷ್ಟ ನನ್ನ ಸೆರಗಿನಿಂದ ಒರಸೇನಿ. ಮಂಕಾಗಿದ್ದು ಇಪ್ಪತ್ತು ನಿಮಿಷ ಕುದ್ದದ. ಇಲ್ಲಿ ಕಣ್ಣಿಗೆ ಕೆಲಸ ಇಲ್ಲ ನೀಲಾ, ಬುದ್ಧಿಗೆ ಅದ."

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ಸಾಲಿಯಲ್ಲಿ ಬರೆದದ್ದು ಎಷ್ಟು ಸಲವೋ. ಅದರ ಅರ್ಥ ಗೊತ್ತಾದದ್ದು ಆವತ್ತು.

ಆಗ ಹಬೆಯ ದೊಡ್ಡ ಯಂತ್ರ ನಮ್ಮಲ್ಲಿ ಬಂದಿರಲಿಲ್ಲ. ಉದ್ದನೆಯ ಸ್ಟೀಲಿನ ಡಬ್ಬಿಯಲ್ಲಿ ನೀರು ಕುದಿಸಿ ಅದರಲ್ಲೇ ಸೂಜಿ, ಗಾಜಿನ ಸಿರಿಂಜು, ಕತ್ತರಿ ಎಲ್ಲವನ್ನೂ ಹಾಕುತ್ತಿದ್ದೆವು. ಸೂಜಿ ಮೊಂಡಾದರೆ ಬಿಸಾಡುವ ಮಾತಿಲ್ಲ, ಕಲ್ಲಿನ ಮೇಲೆ ಮಸೆದು ಮತ್ತೆ ಬಳಸುವುದು. ಕೈಗವಸುಗಳನ್ನೂ ತೊಳೆದು, ಒಳಗೆ ಗಾಳಿ ಊದಿ ತೂತು ಇದೆಯೇ ಎಂದು ನೋಡಿ, ಹಗ್ಗದ ಮೇಲೆ ಒಣಹಾಕುತ್ತಿದ್ದೆವು. ಒಮ್ಮೆ ಬೀಳಗಿ ಕಡೆಯ ಮುದುಕರೊಬ್ಬರು ದಾರಿ ತಪ್ಪಿ ಹಿತ್ತಲಿಗೆ ಬಂದು, ಗಾಳಿಗೆ ಅಲ್ಲಾಡುತ್ತಿದ್ದ ಇಪ್ಪತ್ತು ಕೈಗಳನ್ನು ಕಂಡು, ಹರ್ನಿಯಾ ಆಪರೇಷನ್ನೇ ಬೇಡವೆಂದು ಬಸ್ ನಿಲ್ದಾಣಕ್ಕೆ ನಡೆದಿದ್ದರು. ಅವರ ಮಗ ಹೋಗಿ ಹಿಡಿದುಕೊಂಡು ಬರಬೇಕಾಯಿತು.

ಕುದಿಸುವುದರಲ್ಲಿ ಒಂದು ನಿಯಮವಿತ್ತು. ಕೊನೆಯ ಸಾಮಾನು ನೀರಿಗೆ ಬಿದ್ದ ಮೇಲೆಯೇ ಗಡಿಯಾರ ನೋಡಬೇಕು. ಹತ್ತೊಂಬತ್ತನೆಯ ನಿಮಿಷದಲ್ಲಿ ಯಾರಾದರೂ ಬಂದು ಒಂದು ಇಕ್ಕಳ ಹಾಕಿದರೆ ಮತ್ತೆ ಒಂದರಿಂದ ಎಣಿಕೆ. ಇದು ಸುಮತಿಬಾಯಿಯವರ ಕಾನೂನು. ಡಾಕ್ಟರರೇ ಹಾಕಿದರೂ ಬಿಡುತ್ತಿರಲಿಲ್ಲ. "ಮಡಿ ಅಂದ್ರ ಮಡಿ. ನಮ್ಮ ಮನ್ಯಾಗಿನ ಮಡಿ ಬ್ಯಾರೆ, ಅದರಾಗ ಮನಶ್ಯಾರನ್ನ ದೂರ ಇಡ್ತಾರ. ಇಲ್ಲಿ ಜಂತುಗೋಳನ್ನಷ್ಟ ದೂರ ಇಡೋದು. ನನಗ ಇದ ಛಲೋ ಅನಸ್ತದ" ಎನ್ನುತ್ತಿದ್ದರು. ಅವರ ಮನೆಯ ಹಿರಿಯರಿಗೆ ಈ ಮಾತು ಕೇಳಿಸಿತ್ತೋ ಇಲ್ಲವೋ ತಿಳಿಯದು.

ನನ್ನ ಮೊದಲ ದೊಡ್ಡ ತಪ್ಪು ಶೇಂಗಾದ್ದು. ಹಸಿ ಶೇಂಗಾ ಬರುವ ಕಾಲ. ಆಯಾ ಒಬ್ಬಳು ಉಡಿ ತುಂಬ ತಂದಿದ್ದಳು. ಕುದಿಯುವ ನೀರು ಪುಕ್ಕಟೆ ಇದೆ, ಉಪ್ಪೂ ಇದೆ, ಮಧ್ಯಾಹ್ನ ಸುಮತಿಬಾಯಿ ಊಟಕ್ಕೆ ಹೋಗಿದ್ದಾರೆ. ಮತ್ತೇನು ಬೇಕು? ಹಳೆಯ ಡಬ್ಬಿಯೊಂದರಲ್ಲಿ ಶೇಂಗಾ ಕುದಿಸಿ ಎಲ್ಲರೂ ಹೊಟ್ಟೆ ತುಂಬ ತಿಂದೆವು. ಡಬ್ಬಿಯನ್ನು ಒಂದು ಸಲ ಜಾಲಿಸಿ ಇಟ್ಟೆ. ಎರಡು ದಿನದಲ್ಲಿ ಆ ಡಬ್ಬಿಯಲ್ಲಿ ಕುದಿಸಿದ ಕತ್ತರಿಗಳ ಮೇಲೆಲ್ಲ ಸಿಡುಬಿನಂಥ ಕಂದು ಚುಕ್ಕೆಗಳು ಬಂದವು. ಉಪ್ಪು ಸ್ಟೀಲನ್ನು ತಿನ್ನುತ್ತದೆ ಎಂದು ನನಗೇನು ಗೊತ್ತು?

ಸುಮತಿಬಾಯಿ ಡಬ್ಬಿಯನ್ನು ಮೂಗಿಗೆ ಹಿಡಿದು, "ಶೇಂಗಾ" ಎಂದರು. ಆಮೇಲೆ ಒಂದು ವಾರ ನಾನು ಬೂದಿಯಂಥ ಪುಡಿ ಹಾಕಿ ಆ ಕತ್ತರಿಗಳ ಸಂದುಸಂದನ್ನೂ ತಿಕ್ಕಿದೆ. ಅವರು ಬೈಯಲಿಲ್ಲ. ವಾರದ ಕೊನೆಗೆ, "ನಂಗ ಒಂದು ಬೊಗಸಿನೂ ಇಡಲಿಲ್ಲ ನೀವು" ಎಂದಷ್ಟೇ ಹೇಳಿದರು. ಹೊಸಬರಿಗೆ ಇದನ್ನು ಯಾಕೆ ಹೇಳುತ್ತೇನೆಂದರೆ, ಬಳಸಿದ ಸಾಮಾನನ್ನು ರಕ್ತದ ಜೊತೆ, ಸಲೈನ್ ನೀರಿನ ಜೊತೆ ಹಾಗೇ ಬಿಟ್ಟು ಚಹಾ ಕುಡಿಯಲು ಹೋಗಬೇಡಿ. ರಕ್ತದಲ್ಲೂ ಉಪ್ಪಿದೆ. ಕೊಳೆಯನ್ನು ತೆಗೆಯದೆ ಬೇಯಿಸಿದರೆ ಬೆಂದ ಕೊಳೆ ಸಿಗುತ್ತದೆ, ಮತ್ತೇನಿಲ್ಲ.

ಮುಂದೆ ಹಬೆಯ ಯಂತ್ರ ಬಂತು. ಆಟೋಕ್ಲೇವ್ ಅಂದರೆ ದೊಡ್ಡ ಕುಕ್ಕರ್ ಎಂದು ತಿಳಿದುಕೊಳ್ಳಿ. ಒತ್ತಡದಲ್ಲಿ ಹಬೆ ಕುದಿನೀರಿಗಿಂತ ಹೆಚ್ಚು ಬಿಸಿಯಾಗಿ, ಪೊಟ್ಟಣದ ಒಳಗೆ ನುಗ್ಗಿ ಜಂತುಗಳನ್ನು ಕೊಲ್ಲುತ್ತದೆ. ನುಗ್ಗಿ ಎಂಬ ಮಾತನ್ನು ನೆನಪಿಡಿ. ನಮ್ಮ ಕಡೆಯ ಬೋರ್‌ವೆಲ್ ನೀರಿನ ಸವುಳಿಗೆ ಅದರ ಹೊಟ್ಟೆಯಲ್ಲಿ ಸುಣ್ಣದಂಥ ಹಕ್ಕಳಿಕೆ ಕಟ್ಟುತ್ತಿತ್ತು, ಬಾಗಿಲಿನ ರಬ್ಬರು ಬಿರಿದು ಸೀಟಿ ಹೊಡೆಯುತ್ತಿತ್ತು, ಕರೆಂಟು ಹೋದರೆ ಅರ್ಧ ಬೆಂದ ಅನ್ನದಂತೆ ಎಲ್ಲವನ್ನೂ ಮೊದಲಿನಿಂದ ಇಡಬೇಕಾಗುತ್ತಿತ್ತು. ಆದರೂ ಅದರ ಮೇಲೆ ನನಗೆ ಬಹಳ ಪ್ರೀತಿ. ಸುಮತಿಬಾಯಿ ನಿವೃತ್ತರಾದ ಮೇಲೆ ಆ ಕೋಣೆಯ ಯಜಮಾನಿಕೆ ನನ್ನದಾಯಿತು. ಸ್ವಲ್ಪ ಜಂಬವೂ ಬಂತು ಎಂದು ಒಪ್ಪಿಕೊಳ್ಳುತ್ತೇನೆ. ಆ ಜಂಬದ ಬುಡಕ್ಕೇ ಗುರುವಾರ ಬಂದದ್ದು.

ಸಾಮಾನು ಸುತ್ತುವ ಅರಿವೆಗಳು ಹಳೆಯದಾಗಿ, ತೇಪೆ ಹಾಕಿಸಿಕೊಂಡು, ಜಾಳಾಗಿದ್ದವು. ಹೊಸದು ಬೇಕು ಎಂದು ಕೇಳುತ್ತಲೇ ಇದ್ದೆ. ನಮ್ಮ ಮನೆಯವರಿಗೆ ಬನಹಟ್ಟಿಯಲ್ಲಿ ಎರಡು ಪವರ್‌ಲೂಮ್ ಇದ್ದವು. ಒಂದು ದಿನ ಊಟಕ್ಕೆ ಕುಳಿತಾಗ ಈ ಮಾತು ತೆಗೆದೆ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

"ನೇಕಾರನ ಹೆಂತಿ ಆಗಿ ಹರಕ ಅರಬಿಯಾಗ ಕತ್ತರಿ ಸುತ್ತತೀ ಏನು? ನಾಚಿಕಿ ಬರೂದಿಲ್ಲ? ನಾನ ನೇಯ್ದು ಕೊಡ್ತೇನಿ. ದವಾಖಾನಿಗೆ ಕಾಣಿಕಿ ಅಂತ ತಿಳಿ."

ಹದಿನೈದು ದಿನದಲ್ಲಿ ನೇಯ್ದು ಕೊಟ್ಟರು. ಎಂಥ ಅರಿವೆ! ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ಆದರೆ ಅದು ನಿಜಕ್ಕೂ ಹೆಗ್ಗಣವಲ್ಲ. ಎಳೆಗೆ ಎಳೆ ಕೂಡಿಸಿ ಹೊಡೆದು, ದೀಪಕ್ಕೆ ಹಿಡಿದರೆ ಬೆಳಕು ಸೋರದಷ್ಟು ಗಟ್ಟಿ. ಮಡಿಕೆ ಬಿಚ್ಚಿದರೆ ಹಪ್ಪಳದಂತೆ ಸಪ್ಪಳ ಮಾಡುತ್ತಿತ್ತು. ನೇಯುವಾಗ ಎಳೆ ಹರಿಯಬಾರದೆಂದು ನೂಲಿಗೆ ಗಂಜಿ ಹಾಕುತ್ತೇವೆ. ಆ ಗಂಜಿ ಅರಿವೆಯಲ್ಲಿ ಉಳಿದಿರುತ್ತದೆ. ನಮ್ಮ ಮನೆಗಳಲ್ಲಿ ಒಂದು ರೂಢಿ ಇದೆ. ಮಗ್ಗದಿಂದ ಇಳಿದ ಅರಿವೆಯನ್ನು ಯಾರಿಗಾದರೂ ಕೊಡುವುದಿದ್ದರೆ ಅದಕ್ಕೆ ನೀರು ತಾಗಿಸಬಾರದು. ದೇವರಿಗೆ ಏರಿಸುವುದಿರಲಿ, ಬೀಗರಿಗೆ ಹೊದಿಸುವುದಿರಲಿ, ಗಂಜಿಯ ಸಪ್ಪಳ ಇರಲೇಬೇಕು. ಒಗೆದು ಕೊಟ್ಟರೆ ಉಟ್ಟು ಬಿಟ್ಟದ್ದನ್ನು ಕೊಟ್ಟಂತೆ, ದೊಡ್ಡ ಅವಮಾನ. ಆ ರೂಢಿಯಲ್ಲೇ ಹುಟ್ಟಿ ಬೆಳೆದ ನನಗೆ ಹೊಸ ಅರಿವೆಯನ್ನು ಒಗೆಯುವ ಯೋಚನೆ ಕನಸಿನಲ್ಲೂ ಬರಲಿಲ್ಲ. ಬುಧವಾರ ಅದರಲ್ಲಿ ಎಂಟು ಪೊಟ್ಟಣ ಸುತ್ತಿ, ಬಿಗಿಯಾಗಿ ಕಟ್ಟಿ, ಯಂತ್ರಕ್ಕಿಟ್ಟೆ. ಹಳೆಯ ಅರಿವೆಗಳನ್ನು ನೆಲ ಒರೆಸಲು ಹರಿದು ಹಂಚಿಬಿಟ್ಟೆ. ಎಷ್ಟು ಉದಾರಿ ನಾನು!

ಗುರುವಾರ ಬಾಗಲಕೋಟೆಯಿಂದ ಎಲುಬಿನ ಡಾಕ್ಟರು ಬರುವ ದಿನ. ವಾರಕ್ಕೊಮ್ಮೆ ಬಂದು ಆಪರೇಷನ್ ಮುಗಿಸಿ, ಮಧ್ಯಾಹ್ನ ಮುಧೋಳಕ್ಕೆ ಹೋಗಿ ಅಲ್ಲಿಯ ರೋಗಿಗಳನ್ನು ನೋಡುತ್ತಿದ್ದರು. ಆ ದಿನದ ರೋಗಿ ದುಂಡಪ್ಪ. ಬೀಳಗಿ ತಾಲೂಕಿನವನು, ಹಂಗಾಮಿನಲ್ಲಿ ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಚಾಲಕ. ಹೇರಿದ ಕಬ್ಬಿನ ಮೇಲಿಂದ ತಾನೇ ಜಿಗಿಯಲು ಹೋಗಿ ಎಡಗಾಲಿನ ಎಲುಬು ಮುರಿದುಕೊಂಡಿದ್ದ. ಎಡಗಾಲು ಅಂದರೆ ಕ್ಲಚ್ ತುಳಿಯುವ ಕಾಲು, ಅವನ ಮನೆಯ ಅನ್ನವೇ ಆ ಕಾಲಿನಲ್ಲಿತ್ತು. ಒಳಗೆ ಲೋಹದ ಪಟ್ಟಿ ಇಟ್ಟು ತಿರುಪು ಹಾಕಿ ಕೂಡಿಸಬೇಕಿತ್ತು. ಚರ್ಮದ ಗಾಯಕ್ಕೆ ಜಂತು ಸೇರಿದರೆ ಔಷಧಿ ಇದೆ. ಎಲುಬಿಗೆ ಜಂತು ಸೇರಿದರೆ ವರ್ಷಗಟ್ಟಲೆ ಕೀವು ಸೋರಿ, ಕೊನೆಗೆ ಕಾಲೇ ಹೋಗಬಹುದು. ಅವನ ಹೆಂಡತಿ ರುಕ್ಮವ್ವ ಬೆಳಿಗ್ಗೆಯಿಂದ ಹೊರಗಿನ ಬೆಂಚಿನ ಮೇಲೆ ಕುಳಿತು, ಕಂಡ ಕಂಡವರನ್ನೆಲ್ಲ ಮಾತಾಡಿಸುತ್ತಿದ್ದಳು.

ಹನ್ನೊಂದು ಗಂಟೆಗೆ ದುಂಡಪ್ಪನನ್ನು ಒಳಗೆ ತಂದರು. ಬೆನ್ನಿಗೆ ಇಂಜೆಕ್ಷನ್ ಇನ್ನೂ ಕೊಟ್ಟಿರಲಿಲ್ಲ. ಥೇಟರಿನ ಸಿಸ್ಟರ್ ಲತಾ ಮೊದಲ ಪೊಟ್ಟಣ ಬಿಚ್ಚಿದವಳು ನನ್ನನ್ನು ಕರೆದಳು.

"ಅಕ್ಕಾ, ಇದನ್ನ ಒಂದೀಟು ನೋಡ್ರಿ."

ಪೊಟ್ಟಣದ ಹೊರಗೆ ಒಂದು ಟೇಪು ಅಂಟಿಸಿರುತ್ತೇವೆ, ಬಿಸಿ ತಾಗಿದರೆ ಅದರ ಗೆರೆಗಳು ಕಪ್ಪಾಗುತ್ತವೆ. ಅದು ಕಪ್ಪಾಗಿತ್ತು. ಪೊಟ್ಟಣದ ನಡುವೆ ಒಂದು ಕಾಗದದ ಪಟ್ಟಿ ಇಟ್ಟಿರುತ್ತೇವೆ, ಹಬೆ ಅಲ್ಲಿಯವರೆಗೆ ಮುಟ್ಟಿ ಸಾಕಷ್ಟು ಹೊತ್ತು ನಿಂತರೆ ಮಾತ್ರ ಅದು ಕಪ್ಪಾಗುತ್ತದೆ. ಅದರ ಅಂಚು ಕಪ್ಪಾಗಿತ್ತು, ನಡುವೆ ಬರೀ ಚಹಾದ ಬಣ್ಣ. ಎರಡನೆಯ ಪೊಟ್ಟಣ ಬಿಚ್ಚಿದೆ. ಅದೂ ಹಾಗೇ. ಅರಿವೆ ತಣ್ಣಗೆ, ಒದ್ದೆಯಾಗಿ, ಕೈಗೆ ಅಂಟುತ್ತಿತ್ತು. ಮೂಗಿಗೆ ಬಂದ ವಾಸನೆ ನಾನು ಹುಟ್ಟಿದಾಗಿನಿಂದ ಬಲ್ಲ ವಾಸನೆ. ಬೆಂದ ಗಂಜಿ! ಗಟ್ಟಿ ನೇಯ್ಗೆಯ ಸಂದುಗಳಲ್ಲಿ ಗಂಜಿ ಮೆತ್ತಿಕೊಂಡು ಹಬೆಯನ್ನು ಹೊರಗೇ ನಿಲ್ಲಿಸಿತ್ತು.

ಇಲ್ಲಿ ಒಂದು ಮಾತು ಮುಚ್ಚಿಡದೆ ಹೇಳಬೇಕು. ಒಂದು ನಿಮಿಷ, ಪೂರಾ ಒಂದು ನಿಮಿಷ, ನಾನು ಸುಮ್ಮನೆ ನಿಂತೆ. ಪಟ್ಟಿಯೇ ಹಳೆಯದು, ಕೆಟ್ಟಿದೆ ಎಂದು ಹೇಳಿಬಿಟ್ಟರೆ ಲತಾ ನಂಬುತ್ತಿದ್ದಳು. ನನ್ನ ಮಾತನ್ನು ಅಲ್ಲಿ ಯಾರೂ ತೆಗೆದುಹಾಕುತ್ತಿರಲಿಲ್ಲ. ನಮ್ಮ ಮನೆಯವರ ಕಾಣಿಕೆ, ನನ್ನ ಜಂಬ, ಎರಡೂ ಉಳಿಯುತ್ತಿದ್ದವು. ನಾಚಿಕೆ ಎಷ್ಟು ಕೆಟ್ಟ ಬುದ್ಧಿ ಕಲಿಸುತ್ತದೆ ನೋಡಿ. ಮೇಜಿನ ಮೇಲೆ ಮಲಗಿದ್ದ ದುಂಡಪ್ಪ ಆಗ ತಲೆಯೆತ್ತಿ, "ಅಕ್ಕಾರ, ಚಾಲೂ ಮಾಡೂದಿಲ್ಲೇನ್ರಿ? ಹಸಿವು ಆಗೇತ್ರಿ" ಎಂದ. ಅವನ ಎಡಗಾಲು ನನ್ನ ಕೈಯಳತೆಯಲ್ಲಿತ್ತು. ನಾನು ಸೀದಾ ಡಾಕ್ಟರ ಬಳಿ ಹೋದೆ. ಅವರು ಕೈ ತೊಳೆಯುತ್ತಿದ್ದರು.

"ಸರ್, ಈವತ್ತಿನ ಸಾಮಾನು ನಡಿಯಂಗಿಲ್ರಿ."

"ಯಾಕ? ಮಷೀನ್ ಕೆಟ್ಟೇತೇನು?"

"ಮಷೀನ್ ಛಲೋ ಐತ್ರಿ. ಒಳಗ ಹಬಿ ಹೋಗಿಲ್ರಿ. ಹೊಸಾ ಅರಬಿ, ಗಂಜಿ ತೆಗೀದ ಸುತ್ತಿಬಿಟ್ಟೇನ್ರಿ. ತಪ್ಪು ನಂದ್ರಿ."

ಅವರು ನಲ್ಲಿ ನಿಲ್ಲಿಸಿದರು. "ಮೂವತ್ತು ವರ್ಷ ಆತೇನು ನೀ ಇಲ್ಲಿ ಬಂದು?"

"ಇಪ್ಪತ್ತೈದ್ರಿ."

"ಇಪ್ಪತ್ತೈದು ವರ್ಷ ಕಾದು ನನ್ನ ಗುರುವಾರನ ಹಿಡದೀ ಅಲ್ಲ ತಾಯಿ! ಎಷ್ಟೊತ್ತು ಬೇಕು?"

"ಎರಡು ತಾಸ್ರಿ."

"ಎರಡಂದ್ರ ಎರಡು. ಮೂರಾದ್ರ ಡ್ರಿಲ್ ನಿನ್ನ ಕೈಯಾಗ ಕೊಟ್ಟು ನಾ ಮುಧೋಳಕ್ಕ ಹೊಂಟೆ."

ಸಿಟ್ಟು ಬಂದಿತ್ತು, ಆದರೂ ಹೊರಟುಹೋಗಲಿಲ್ಲ. ದುಂಡಪ್ಪನನ್ನು ಮತ್ತೆ ವಾರ್ಡಿಗೆ ಕಳಿಸಿದರು. ಹಳೆಯ ಅರಿವೆಗಳೆಲ್ಲ ಆಗಲೇ ನೆಲ ಒರೆಸುತ್ತಿವೆ! ಹಬೆ ಒಳಹೋಗಲೆಂದು ತೂತು ಬಿಟ್ಟ ಹಳೆಯ ಡಬ್ಬಿಗಳಲ್ಲಿ ಸಣ್ಣ ಸಾಮಾನು ಹಿಡಿಸೀತು, ಎಲುಬಿನ ಉದ್ದುದ್ದ ಸಾಮಾನು ಹಿಡಿಸುವುದಿಲ್ಲ. ಆ ಹೊಸ ಅರಿವೆಯ ಗಂಜಿ ಬಿಡಿಸುವುದೊಂದೇ ದಾರಿ. ಮನೆಗೆ ಫೋನು ಹಚ್ಚಿದೆ. ನಮ್ಮವರು ಮಗ್ಗ ನಿಲ್ಲಿಸಿ, ಬೈಕಿನಲ್ಲಿ ಬನಹಟ್ಟಿಯಿಂದ ಹೇಗೆ ಬಂದರೋ, ಅರ್ಧ ತಾಸಿನೊಳಗೆ ಎದುರು ನಿಂತಿದ್ದರು. ಅರಿವೆಯನ್ನು ಮುಟ್ಟಿ ನೋಡಿದರು. ನನ್ನ ಮುಖ ನೋಡಿದರು. ಪ್ಯಾಂಟು ಮಡಚಿಕೊಂಡು ಮಾಳಿಗೆ ಹತ್ತಿದರು.

ಮಾಳಿಗೆಯ ಮೇಲೆ ದೊಡ್ಡ ಬಾನಿ ಇತ್ತು. ಕುದಿನೀರು, ಸೋಡಾ ಪುಡಿ ಹಾಕಿ ಅರಿವೆ ನೆನೆಸಿ, ಕೋಲಿನಿಂದ ಕಲಸಿ, ನೀರು ಚೆಲ್ಲಿ, ಮತ್ತೆ ಕುದಿನೀರು. ನಾನೊಂದು ತುದಿ ಅವರೊಂದು ತುದಿ ಹಿಡಿದು ಹಿಂಡಿದೆವು. ಅವರಿಗೆ ಬೆವರು ಇಳಿಯುತ್ತಿತ್ತು. "ಮೂವತ್ತು ವರ್ಷ ಗಂಜಿ ಹಾಕೂದ ಕಲತೆ. ತೆಗಿಯೂದು ಈವತ್ತು ಕಲಿಯಾಕತ್ತೇನಿ" ಎಂದರು. ನನಗೆ ಅಳುವೂ ಬಂತು, ನಗುವೂ ಬಂತು.

ಆಗ ಎಲುಬಿನ ಡಾಕ್ಟರು ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಚಹಾದ ಕಪ್ಪು.

"ಗಂಜಿ ಪೂರಾ ಹೋಗೇತಿ ಅಂತ ಹ್ಯಾಂಗ ಗೊತ್ತಾಗತೈತಿ?"

"ಕೈಗೆ ಗೊತ್ತಾಗತೈತ್ರಿ" ಎಂದರು ನಮ್ಮವರು.

"ಕೈ ಬ್ಯಾಡ. ಸಾಲ್ಯಾಗ ಆಲೂಗಡ್ಡಿ ಮ್ಯಾಲ ಅಯೋಡಿನ್ ಹಾಕಿ ನೋಡಿದ್ದು ನೆನಪೈತೋ ಇಲ್ಲೋ? ತರ್ರಿ ಕೆಳಗಿಂದ."

ಗಾಯಕ್ಕೆ ಹಚ್ಚುವ ಅಯೋಡಿನ್ ಬಾಟಲಿ ತಂದೆ. ಎರಡು ಸಲ ಒಗೆದ ಅರಿವೆಯ ಮೂಲೆಗೆ ಡಾಕ್ಟರು ಒಂದು ಹನಿ ಬಿಟ್ಟರು. ನೋಡನೋಡುತ್ತ ನೀಲಿಗಟ್ಟಿತು.

"ಐತಿ ಇನ್ನ! ಒಗೀರಿ!"

ಚಹಾದ ಕಪ್ಪು ಗೋಡೆಯ ಮೇಲಿಟ್ಟು ತಾವೂ ತೋಳು ಏರಿಸಿ ಬಾನಿಯ ಬಳಿ ಕುಕ್ಕರಗಾಲಲ್ಲಿ ಕುಳಿತರು. ಮೂರನೆಯ ಒಗೆತಕ್ಕೆ ತಿಳಿ ನೀಲಿ. ನಾಲ್ಕನೆಯದಕ್ಕೆ ಹನಿ ಬಿದ್ದ ಜಾಗ ಅಯೋಡಿನ್ನಿನದೇ ಕಂದು ಬಣ್ಣದಲ್ಲಿ ನಿಂತಿತು. ಡಾಕ್ಟರು ಚಪ್ಪಾಳೆ ಹೊಡೆದರು. ನಮ್ಮವರು ಆ ಕಂದು ಚುಕ್ಕೆಯನ್ನು ಮಗುವಿನ ಮುಖ ನೋಡಿದಂತೆ ನೋಡುತ್ತಿದ್ದರು.

ಇದನ್ನೆಲ್ಲ ಇನ್ನೊಬ್ಬರೂ ನೋಡುತ್ತಿದ್ದರು. ಗಂಡನನ್ನು ಮತ್ತೆ ವಾರ್ಡಿಗೆ ತಂದದ್ದು ಯಾಕೆಂದು ಯಾರೂ ಸರಿಯಾಗಿ ಹೇಳದ್ದರಿಂದ ರುಕ್ಮವ್ವ ಡಾಕ್ಟರನ್ನು ಹುಡುಕಿಕೊಂಡು ಮಾಳಿಗೆಗೆ ಬಂದಿದ್ದಳು. ಸೊಂಟದ ಮೇಲೆ ಕೈಯಿಟ್ಟು ಮೆಟ್ಟಿಲ ಬಾಯಲ್ಲಿ ನಿಂತಳು.

"ಏ ಯಪ್ಪಾ! ಎಲುಬು ಮುರದಾವ ಕೆಳಗ ಉಪಾಸ ಮಲಗ್ಯಾನ, ಡಾಕ್ಟರು ಮ್ಯಾಲ ಕುಂತು ಅರಬಿ ಒಗಿಯಾಕತ್ಯಾರ! ಇದು ದವಾಖಾನಿಯೋ, ಅಗಸರ ಮನಿಯೋ?"

ಡಾಕ್ಟರು ನನ್ನ ಕಡೆ ನೋಡಿದರು. ಹೇಳುವವಳು ನಾನು. ನನ್ನ ಬಾಯಿಂದ ಬಂದದ್ದು ಇಷ್ಟೇ: "ಒಂದೀಟು ತಡಾ ಆಗತೈತ್ರಿ ಯವ್ವಾ. ನನ್ನಿಂದನ ತಡಾ ಆಗೇತಿ."

"ನಿನ್ನಿಂದನೇನ? ನಿನ್ನ ಮಾರಿ ನೆನಪಿಟ್ಕೋತೇನಿ" ಎಂದು ಹೇಳಿ ಇಳಿದು ಹೋದಳು.

ನಮ್ಮ ಕಡೆಯ ಬಿಸಿಲಿಗೆ ನಾನು ಎಷ್ಟು ಸಲ ಬೈದಿದ್ದೇನೋ. ಆವತ್ತು ಮಾತ್ರ ಕೈ ಮುಗಿದೆ. ಕಾಲು ತಾಸಿನಲ್ಲಿ ಅರಿವೆ ಗರಿಗರಿ ಒಣಗಿತು. ಈ ಸಲ ಸಡಿಲವಾಗಿ ಸುತ್ತಿ, ಯಂತ್ರದಲ್ಲಿ ನಡುನಡುವೆ ಜಾಗ ಬಿಟ್ಟು ಇಟ್ಟೆ. ಎರಡು ತಾಸು ಎಂದದ್ದು ಮೂರು ದಾಟಿತು. ಡಾಕ್ಟರು ಡ್ರಿಲ್ ನನ್ನ ಕೈಗೆ ಕೊಡಲಿಲ್ಲ, ಮುಧೋಳಕ್ಕೆ ಫೋನು ಹಚ್ಚಿ ಸಂಜೆ ಬರುತ್ತೇನೆಂದರು. ಲತಾ ಪೊಟ್ಟಣ ಬಿಚ್ಚಿ ಪಟ್ಟಿ ಎತ್ತಿ ತೋರಿಸಿದಳು. ಎಂಟಕ್ಕೆ ಎಂಟೂ ಕಾಡಿಗೆಯಂತೆ ಕಪ್ಪು.

ಆಮೇಲಿನ ಹನ್ನೆರಡು ದಿನ ನಾನು ಏನೇನೋ ನೆಪ ಮಾಡಿ ದುಂಡಪ್ಪನ ಮಂಚದ ಬಳಿ ಸುಳಿದೆ. ಜ್ವರ ಇದೆಯೇ, ಬ್ಯಾಂಡೇಜಿನ ಮೇಲೆ ಹಸಿ ಕಾಣುತ್ತದೆಯೇ ಎಂದು. ರುಕ್ಮವ್ವ ನನ್ನನ್ನು ಕಂಡಾಗಲೆಲ್ಲ ಪಕ್ಕದ ಮಂಚದವರಿಗೆ, "ಇವರ ನೋಡ್ರಿ, ನನ್ನ ಗಂಡನ್ನ ಮೂರು ತಾಸು ಉಪಾಸ ಕೆಡವಿದವರು" ಎಂದು ಪರಿಚಯ ಮಾಡಿಕೊಡುತ್ತಿದ್ದಳು. ನಮ್ಮತ್ತೆಯ ಪರಿಚಯವೇ ಇದಕ್ಕಿಂತ ವಾಸಿಯಾಗಿತ್ತು. ಹೊಲಿಗೆ ಬಿಚ್ಚಿದ ದಿನ ಗಾಯ ಒಣಗಿ ಒಂದು ತೆಳು ಗೆರೆ ಉಳಿದಿತ್ತು. ನಾನು ನನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಮನಸಾರೆ ಅತ್ತೆ. ಅಷ್ಟು ಸಂತೋಷ ನನಗೆ ಆ ಕೋಣೆಯಲ್ಲಿ ಮತ್ತೆಂದೂ ಆಗಿಲ್ಲ.

ಭಾನುವಾರ ಸುಮತಿಬಾಯಿಯವರ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ಅವಲಕ್ಕಿ ತಟ್ಟೆ ಮುಂದಿಟ್ಟು ಪೂರಾ ಕೇಳಿದರು.

"ತಪ್ಪು ಯಾರ ಮುಂದ ಒಪ್ಪಿಕೊಂಡಿ?"

"ಡಾಕ್ಟರ ಮುಂದ್ರಿ."

"ಆ ಹೆಣ್ಣುಮಗಳ ಮುಂದ?"

"ತಡಾ ಆಗತೈತಿ ಅಂದೆ, ಅಷ್ಟ್ರಿ. ಯಾಕಂತ ಹೇಳಲಿಲ್ರಿ."

"ಹಂಗಾರ ಅರ್ಧಾ ಹೇಳಿದಿ" ಎಂದರು ಸುಮತಿಬಾಯಿ. "ಅವಲಕ್ಕಿ ತಿನ್ನು."

ಅಂದಿನಿಂದ ನಮ್ಮಲ್ಲಿ ಹೊಸ ಅರಿವೆ ಬಂದರೆ ಮೊದಲು ಒಗೆತ, ಆಮೇಲೆ ಮೂಲೆಗೆ ಅಯೋಡಿನ್ನಿನ ಹನಿ. ನಮ್ಮ ಮನೆಯವರು ಆಸ್ಪತ್ರೆಗೆಂದೇ ಸ್ವಲ್ಪ ಸಡಿಲ ನೇಯ್ಗೆಯ ಅರಿವೆ ಮಾಡಿ, ಗಂಜಿ ಬಿಡಿಸಿ, ಒಣಗಿಸಿ ಕೊಡತೊಡಗಿದರು. ಓಣಿಯವರು ನಕ್ಕರು, ಒಗೆದ ಅರಿವೆ ಕಾಣಿಕೆ ಕೊಡುವ ನೇಕಾರ ಎಂದರು. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನ ಕೊನೆಯ ವರ್ಷಗಳಲ್ಲಿ ಕಾಗದದಂಥ ಹೊದಿಕೆ ಬಂತು, ಒಮ್ಮೆ ಬಳಸಿ ಬಿಸಾಡುವುದು. ಯಂತ್ರ ತಾನೇ ಶಾಖ ಎಷ್ಟು, ಹೊತ್ತು ಎಷ್ಟು ಎಂದು ಚೀಟಿ ಬರೆದು ಕೊಡುತ್ತದೆ. ಒಳ್ಳೆಯದೇ. ಆದರೆ ಆ ಚೀಟಿ ಯಂತ್ರದ ಕಥೆ ಹೇಳುತ್ತದೆ, ಪೊಟ್ಟಣದ ನಡುವಿನ ಕಥೆ ಹೇಳುವುದಿಲ್ಲ. ಯಂತ್ರ ಚೆನ್ನಾಗಿತ್ತು, ಅರಿವೆ ಚೆನ್ನಾಗಿತ್ತು, ನಾನೂ ಇಪ್ಪತ್ತೈದು ವರ್ಷ ಪಳಗಿದವಳು. ಆದರೂ ಒಳಗೆ ಹಬೆ ಹೋಗಿರಲಿಲ್ಲ. ಗುಂಡಿ ಒತ್ತಿದರೆ ಆಯಿತೇ ಎಂದು ಕೇಳಿದ ಹುಡುಗಿಗೆ ನನ್ನ ಉತ್ತರ ಇಷ್ಟೇ.

ಒಂದೂವರೆ ವರ್ಷದ ಮೇಲೆ ಒಂದು ಗುರುವಾರ, ಕಾಲಿನೊಳಗಿನ ಲೋಹದ ಪಟ್ಟಿ ತೆಗೆಸಲು ದುಂಡಪ್ಪ ಬಂದ. ನಡೆದುಕೊಂಡೇ ಬಂದ. ಕುಂಟುತ್ತಲೂ ಇರಲಿಲ್ಲ. ಟ್ರ್ಯಾಕ್ಟರ್ ಹೊಡೆಯುತ್ತಿದ್ದೇನೆ ಎಂದು ಎಡಗಾಲು ನೆಲಕ್ಕೆ ಒತ್ತಿ ತೋರಿಸಿದ. ರುಕ್ಮವ್ವ ಅದೇ ಬೆಂಚಿನ ಮೇಲೆ ಕುಳಿತು ದೂರದಿಂದಲೇ ನನ್ನನ್ನು ಗುರುತು ಹಿಡಿದಳು.

"ಬಂದ್ರಿ? ಈ ಸಲಾನೂ ಅರಬಿ ಒಗಿಯೂದೈತೋ ಹ್ಯಾಂಗ? ಇವತ್ತರ ಲಗೂನ ಮುಗಸ್ರಿ ಯವ್ವಾ, ಕಡೀ ಬಸ್ಸು ಹೋಗತೈತಿ."

ನಾನು ಹೋಗಿ ಅವಳ ಪಕ್ಕದಲ್ಲಿ ಕುಳಿತೆ. ಡಾಕ್ಟರ ಎದುರು ನಿಂತಾಗಲೂ ಅಷ್ಟು ಹೆದರಿರಲಿಲ್ಲ.

"ಯವ್ವಾ, ಆವತ್ತು ಯಾಕ ತಡಾ ಆತು ಅಂತ ನಿಮಗ ಹೇಳಲಿಲ್ಲ. ನಾ ಸಾಮಾನು ಸುತ್ತಿದ ಅರಬಿ ಸರಿ ಇರಲಿಲ್ಲ. ಒಳಗಿನ ಜಂತು ಸತ್ತಿರಲಿಲ್ಲ. ನನ್ನ ತಪ್ಪು ಅದು. ಹಂಗ ಆಪರೇಷನ್ ಮಾಡಿದ್ರ ಎಲುಬಿನ್ಯಾಗ ಕೀವು ಆಗಿ, ಆ ಕಾಲು..."

ರುಕ್ಮವ್ವ ಒಳಗೆ ಬಟ್ಟೆ ಬದಲಿಸಿಕೊಂಡು ನಿಂತಿದ್ದ ಗಂಡನ ಕಾಲನ್ನೇ ಬಾಗಿಲ ಸಂದಿನಿಂದ ಬಹಳ ಹೊತ್ತು ನೋಡಿದಳು. ಬೈಯುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಬೈಯಲಿ ಎಂದೇ ಅಂದುಕೊಂಡಿದ್ದೆ.

"ಅದು ಹ್ಯಾಂಗ ಗೊತ್ತಾತು ನಿಮಗ?" ಎಂದು ಮೆಲ್ಲಗೆ ಕೇಳಿದಳು.

"ಸಾಮಾನು ಸುತ್ತಿದ ಪೊಟ್ಟಣದ ಒಳಗ ಒಂದು ಕಾಗದದ ಪಟ್ಟಿ ಇರತೈತ್ರಿ. ಸರಿ ಆದ್ರ ಕರ್ರಗ ಆಗತೈತಿ."

"ಇವತ್ತಿಂದು?"

"ಬಿಚ್ಚಿ ಇಟ್ಟಾರ್ರಿ. ಕರ್ರಗ ಆಗೇತಿ. ನಾನ ನೋಡೇನಿ."

ರುಕ್ಮವ್ವ ಮಡಿಲಲ್ಲಿದ್ದ ಊಟದ ಗಂಟನ್ನು ಬೆಂಚಿನ ಮೇಲಿಟ್ಟು, ಕಾಲು ಮೇಲೆ ತೆಗೆದುಕೊಂಡು, ಗೋಡೆಗೆ ಒರಗಿ ಕುಳಿತಳು.

"ಇನ್ನೊಮ್ಮಿ ನೋಡಿ ಬಾರವಾ" ಎಂದಳು. "ಬಸ್ಸು ಹೋದ್ರ ಹೋಗಲಿ, ನಾ ಕುಂತಿರತೇನಿ."

ನಾನು ಒಳಗೆ ಹೋಗಿ ಇನ್ನೊಮ್ಮೆ ನೋಡಿ ಬಂದೆ.